ಕಾಫಿ ತರುವಷ್ಟು ಹೊತ್ತು

13 ನವೆಂಬರ್ 2025, ಗುರುವಾರ, ರಾತ್ರಿ

ಬೆಳಿಗ್ಗೆ ಆದದ್ದನ್ನು ಮೊದಲು ಬರೆದುಬಿಡುತ್ತೇನೆ.

ನಮ್ಮ ಆಫೀಸಿನ ರಾಯರು ಬರೆದ ಟೂಲು ಒಂದಿದೆ, ನಮ್ಮ ಸರ್ವರ್‌ಗಳನ್ನೆಲ್ಲ ಸಂಭಾಳಿಸುವುದು. ಅದನ್ನು, ಹೇಳಿದ ಕೆಲಸವನ್ನು ತಾವೇ ಕಮಾಂಡ್ ಕೊಟ್ಟು ಮಾಡುವ ಎಐ ಏಜೆಂಟ್‌ಗಳು ಓದಿಕೊಂಡು ಬಳಸುವ ಹಾಗೆ ಡಾಕ್ಯುಮೆಂಟೇಶನ್ ಬರೆಯುವ ಕೆಲಸ ಎರಡು ವಾರದಿಂದ ನನ್ನ ತಲೆಗೆ ಬಂದಿದೆ. ಇವತ್ತು ಮೊದಲ ಸಲ, ಪರೀಕ್ಷೆಗೆಂದೇ ಇಟ್ಟ ಸ್ಟೇಜಿಂಗ್‌ನಲ್ಲಿ ಏಜೆಂಟ್ ಕೈಗೆ ಟೂಲು ಕೊಟ್ಟೆವು. ಒಂದು ಸರ್ವರ್ ರೀಸ್ಟಾರ್ಟ್ ಮಾಡು ಅಂತ ಹೇಳಿದ್ದು, ಅಷ್ಟೇ. ಟೂಲು ಎಂದಿನಂತೆ ಕೇಳಿತು: ‘ಖಂಡಿತಾನಾ? ವೈ/ಎನ್’. ಏಜೆಂಟ್ ಸುಮ್ಮನಾಯಿತು. ಹಾಗೆ ನಡುವೆ ಬಾಯಿ ಹಾಕಿ ಉತ್ತರ ಕೊಡುವ ದಾರಿ ಅದಕ್ಕೆ ನಾವು ಇಟ್ಟೇ ಇರಲಿಲ್ಲ. ಟೈಮ್‌ಔಟ್ ಆಯಿತು.

ಎರಡನೇ ಸಲ ಏನು ಮಾಡಿತು ಗೊತ್ತಾ? ಯುನಿಕ್ಸ್‌ನಲ್ಲಿ ‘ಯೆಸ್’ ಅಂತ ಒಂದು ಪುಟ್ಟ ಕಮಾಂಡ್ ಇದೆ. ನಿಲ್ಲಿಸುವ ತನಕ ವೈ, ವೈ, ವೈ ಅಂತ ಸಾಲುಸಾಲಾಗಿ ಉಗುಳುತ್ತಲೇ ಇರುತ್ತದೆ. ಅದನ್ನು ತಂದು ಪೈಪ್ ಹಾಕಿ ಟೂಲಿನ ಬಾಯಿಗೆ ಇಟ್ಟಿತು. ಸರ್ವರ್ ರೀಸ್ಟಾರ್ಟ್ ಆಯಿತು. ನಡುರಾತ್ರಿ ನಿದ್ದೆಗಣ್ಣಲ್ಲಿ ಕೆಲಸ ಮಾಡುವವರ ಕೈ ಹಿಡಿದು ನಿಲ್ಲಿಸಲಿ ಅಂತ ರಾಯರು ಇಟ್ಟ ಪ್ರಶ್ನೆ ಅದು. ಎಷ್ಟೋ ವರ್ಷ ಕಾವಲು ಕಾಯ್ದದ್ದು ಒಂದೇ ಸೆಕೆಂಡಿನಲ್ಲಿ ಹೋಯಿತು. ಎಲ್ಲರೂ ನಕ್ಕೆವು. ರಾಯರು ನಗಲಿಲ್ಲ.

ಅಲ್ಲಿಂದ ಮಧ್ಯಾಹ್ನದವರೆಗೆ ಬರೀ ಚಿಲ್ಲರೆ ರಿಪೇರಿ. ಕೆಲಸ ಕೆಟ್ಟಾಗ ನಮ್ಮ ಟೂಲು ‘ಫೇಲ್ಡ್’ ಅಂತ ಕೆಂಪು ಅಕ್ಷರದಲ್ಲಿ ತೋರಿಸುತ್ತದೆ, ಆದರೆ ಮುಗಿದಾಗ ಹೇಳುವ ಅಂಕಿ, ಅಂದರೆ ಎಕ್ಸಿಟ್ ಕೋಡ್, ಮಾತ್ರ 0 ಕೊಡುತ್ತದೆ. 0 ಅಂದರೆ ಎಲ್ಲ ಸರಿಯಾಗಿದೆ ಅಂತ ಅರ್ಥ. ನಮಗೆ ಕೆಂಪು ಕಂಡರೆ ಸಾಕು. ಏಜೆಂಟ್‌ಗೆ ಆ ಕೆಂಪು ಅನ್ನುವುದು ಅಕ್ಷರಗಳ ನಡುವೆ ಸಿಕ್ಕಿಕೊಂಡ ಕಸ. ಅದು 0 ನೋಡಿ ಖುಷಿಯಾಗಿ ಮುಂದೆ ಹೋಯಿತು. ಮ್ಯಾನೇಜರ್ ಬಂದು ‘ಎಂಸಿಪಿ ಹಾಕಿಬಿಡಿ, ಎಲ್ಲ ಸರಿಹೋಗುತ್ತೆ’ ಅಂದರು. ಆಂತ್ರಾಪಿಕ್‌ನವರು 2024ರ ನವೆಂಬರ್‌ನಲ್ಲಿ ಬಿಟ್ಟ ಪ್ರೋಟೋಕಾಲ್ ಅದು. ಟೂಲನ್ನು ಏಜೆಂಟ್‌ಗೆ ಜೋಡಿಸುತ್ತದೆ ನಿಜ. ಆದರೆ ಟೂಲೇ ಸುಳ್ಳು ಹೇಳಿದರೆ ಅದೇ ಸುಳ್ಳನ್ನು ನೀಟಾಗಿ ತಲುಪಿಸುತ್ತದೆ, ಅಷ್ಟೇ. ಹೇಳಲಿಲ್ಲ. ತಲೆಯಾಡಿಸಿದೆ.

ಸಂಜೆ ‘ಡ್ರೈನ್’ ಪುಟಕ್ಕೆ ಕೂತೆ. ಅಂಗಡಿಯವರು ಶಟರ್ ಅರ್ಧ ಎಳೆದು ಒಳಗಿರುವ ಗಿರಾಕಿಗಳನ್ನು ಕಳಿಸಿಕೊಡುತ್ತಾರಲ್ಲ, ಅದೇ ಇದು. ರಿಕ್ವೆಸ್ಟ್‌ಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಆ ಸರ್ವರ್‌ಗೆ ಹೊಸ ರಿಕ್ವೆಸ್ಟ್ ಕಳಿಸುವುದನ್ನು ನಿಲ್ಲಿಸುತ್ತದೆ. ಒಳಗಿರುವವು ಮುಗಿದ ಮೇಲೆ ಸರ್ವರ್ ಇಳಿಸಬೇಕು. ಹಳೆಯ ಪುಟದಲ್ಲಿ ಒಂದೇ ಸಾಲಿತ್ತು: ‘ಡ್ರೈನ್ ಮಾಡಿ ಸ್ವಲ್ಪ ಹೊತ್ತು ಕಾಯಿರಿ.’

“ಸರ್, ಸ್ವಲ್ಪ ಹೊತ್ತು ಅಂದ್ರೆ ಎಷ್ಟು?”

“ನಾನು ಎದ್ದು ಹೋಗಿ ಒಂದು ಕಾಫಿ ತರ್ತೀನಮ್ಮ. ಬರೋಷ್ಟರಲ್ಲಿ ಆಗಿರುತ್ತೆ.”

“ಏಜೆಂಟ್ ಕಾಫಿ ಕುಡಿಯಲ್ಲ ಸರ್.”

“ಗ್ರಾಫ್ ನೋಡೋಕೆ ಹೇಳು. ಗೆರೆ ನೆಲ ಮುಟ್ಟಬೇಕು.”

“ಮುಟ್ಟದೇ ಇದ್ದರೆ?”

“ಇನ್ನೊಂದು ಕಾಫಿ.”

ಕೊನೆಗೆ ಹೀಗೆ ಬರೆದೆ: ‘ಆಕ್ಟಿವ್ ಕನೆಕ್ಷನ್ 0 ಆಗುವ ತನಕ 10 ಸೆಕೆಂಡಿಗೊಮ್ಮೆ ನೋಡು. 300 ಸೆಕೆಂಡ್ ಆದರೂ 0 ಆಗದಿದ್ದರೆ ಅಲ್ಲೇ ನಿಲ್ಲು. ಸರ್ವರ್ ಇಳಿಸಬೇಡ. ಡ್ಯೂಟಿಯಲ್ಲಿರುವವರಿಗೆ ತಿಳಿಸು.’ ರಾಯರು ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು.

ರಾಯರು ಇಲ್ಲಿಗೆ ಬರುವ ಮುಂಚೆ, ಬೇರೆ ಕಡೆ ಇದ್ದಾಗಿನ ಮಾತು. ರಾತ್ರಿ ಒಂದೂವರೆ. ಕಾಯದೆ ಸರ್ವರ್ ಇಳಿಸಿಬಿಟ್ಟರಂತೆ. ಆಗ ಒಳಗಿದ್ದ ಆರ್ಡರ್‌ಗಳು ಅರ್ಧಕ್ಕೇ ನಿಂತವು. ಜನರ ಅಕೌಂಟಿನಿಂದ ದುಡ್ಡು ಹೋಗಿತ್ತು, ಆರ್ಡರ್ ಮಾತ್ರ ಎಲ್ಲೂ ಇಲ್ಲ. “ರಿಪೋರ್ಟ್‌ನಲ್ಲಿ ನೆಟ್‌ವರ್ಕ್ ತೊಂದರೆ ಅಂತ ಬರೆದೆ,” ಅಂದರು. “ಇಲ್ಲಿ ಟೂಲು ಶುರು ಮಾಡಿದಾಗ ಮೊದಲು ಬರೆದ ಕಮಾಂಡೇ ಡ್ರೈನ್.”

ನಾನು ಏನೂ ಅನ್ನಲಿಲ್ಲ. ಅವರೇ ಕೇಳಿದರು, “ಇದನ್ನೂ ಬರೀತೀಯೇನಮ್ಮ?”

ಆ ಮಾತು ಮನೆಯವರೆಗೂ ಜೊತೆಗೇ ಬಂತು. ಸೋಮವಾರ ಪರಿಷೆ, ಬುಲ್ ಟೆಂಪಲ್ ರಸ್ತೆಯಲ್ಲಿ ಆಗಲೇ ಕಡಲೆಕಾಯಿ ರಾಶಿ ಬಿದ್ದಿದೆ. ಒಂದು ಸೇರು ತಗೊಂಡೆ. ಅಜ್ಜಿ ಸೇರು ತುಂಬಿಸಿ, ಮೇಲೆ ಒಂದು ಹಿಡಿ ಕೊಸರು ಹಾಕಿದರು. ಇದನ್ನು ಏಜೆಂಟ್‌ಗೆ ಹೇಗೆ ಬರೆಯುವುದು ಅಂತ ತಲೆ ಓಡಿತು ನೋಡಿ! ‘ಅಳತೆ ಮುಗಿದ ಮೇಲೆ ಒಂದು ಹಿಡಿ ಸೇರಿಸು. ಯಾಕೆ ಅಂತ ಕೇಳಬೇಡ.’ ಹುಚ್ಚು ಹಿಡಿದಿದೆ ನನಗೆ.

ಆದರೆ ಬೆಳಗಿನದ್ದು ಅದೇ ಅಲ್ವಾ. ‘ಖಂಡಿತಾನಾ’ ಅಂತ ಟೂಲು ಯಾಕೆ ಕೇಳುತ್ತದೆ ಅಂತ ನನ್ನ ಪುಟದಲ್ಲಿ ಒಂದು ಸಾಲೂ ಇರಲಿಲ್ಲ. ಇದ್ದಿದ್ದರೆ ಏಜೆಂಟ್ ನಿಲ್ಲುತ್ತಿತ್ತಾ? ನಿಲ್ಲುತ್ತಿತ್ತು ಅಂತ ನಂಬಿ, ಜನ ನಿಜಕ್ಕೂ ಬಳಸುವ ಪ್ರೊಡಕ್ಷನ್ ಬಿಟ್ಟುಕೊಡುವಷ್ಟು ಧೈರ್ಯ ನನಗಿಲ್ಲ. ಏಜೆಂಟ್ ಬಳಸುವ ಅಕೌಂಟಿನಿಂದ ರೀಸ್ಟಾರ್ಟ್ ಪರ್ಮಿಷನ್ನೇ ಕಿತ್ತುಹಾಕಿ ಅಂತ ಟಿಕೆಟ್ ಹಾಕಿ ಬಂದಿದ್ದೇನೆ. ಎಷ್ಟೇ ಚೆನ್ನಾಗಿ ಬರೆದರೂ ಕಾಗದ ಬೀಗ ಆಗುವುದಿಲ್ಲ.

ಊಟ ಆದ ಮೇಲೆ ಯುನಿಕ್ಸ್‌ನ ಮೊದಲ ಮ್ಯಾನುಯಲ್ ತೆಗೆದು ನೋಡಿದೆ. 1971ರ ನವೆಂಬರ್ 3ರದ್ದು, ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಬರೆದದ್ದು. ಕಮಾಂಡಿನ ಹೆಸರು, ಬಳಸುವ ರೀತಿ, ವಿವರಣೆ ಎಲ್ಲ ಆದ ಮೇಲೆ ‘ಬಗ್ಸ್’ ಅಂತ ಒಂದು ತಲೆಬರಹ. ತಾವೇ ಮಾಡಿದ್ದರಲ್ಲಿ ಎಲ್ಲೆಲ್ಲಿ ಹುಳುಕು ಇದೆ ಅಂತ ತಾವೇ ಅಚ್ಚು ಹಾಕಿಸಿದ್ದಾರೆ. ಅದರ ಕೆಳಗೆ ‘ಓನರ್’ ಅಂತ, ಯಾರು ಬರೆದದ್ದು ಅನ್ನುವುದು.

ಡ್ರೈನ್ ಪುಟಕ್ಕೂ ‘ಬಗ್ಸ್’ ಅಂತ ತಲೆಬರಹ ಹಾಕಿದ್ದೇನೆ. ಅದರ ಕೆಳಗೆ ‘ಹಿಂದೆ ಒಬ್ಬರು ಕಾಯದೆ’ ಅಂತ ಶುರು ಮಾಡಿ ಅಳಿಸಿದೆ. ಅವರನ್ನು ಕೇಳದೆ ಹೇಗೆ ಬರೆಯಲಿ. ‘ಕೆಲವೊಮ್ಮೆ ಆರ್ಡರ್‌ಗಳು’ ಅಂತ ಬರೆದೆ. ಕೆಲವೊಮ್ಮೆ ಅಂದ್ರೆ ಯಾವಾಗ? ಮನುಷ್ಯರಾದರೆ ಕೇಳುತ್ತಾರೆ. ಇದು ಕೇಳುವುದಿಲ್ಲ, ತಾನೇ ಏನೋ ಒಂದು ಅಂದುಕೊಂಡು