ಯೆಮನ್ ಕದನ ವಿರಾಮ: ಪಾಸ್‌ಪೋರ್ಟಿನಲ್ಲಿ ಸಿಕ್ಕಿಕೊಂಡ ವಿಮಾನ

ಮಂಜೇಶ್ವರ, ಉಪ್ಪಳ, ಕುಂಬಳೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಗಲ್ಫಿನ ದುಡಿಮೆಯಿಂದ. 2022ರ ಜನವರಿ 17ರಂದು ಯೆಮನ್ ಸರ್ಕಾರದ ವಿರುದ್ಧ ಯುದ್ಧಕ್ಕಿಳಿದ ಬಂಡುಕೋರರಾದ ಹೂತಿಗಳು ಅಬುಧಾಬಿಯ ಮೇಲೆ ನಡೆಸಿದ ದಾಳಿಯಲ್ಲಿ ಸತ್ತ ಮೂವರಲ್ಲಿ ಇಬ್ಬರು ಭಾರತೀಯರು. ಹಾಗಾಗಿ ಯೆಮನ್ ಸಂಧಾನ ಕಾಸರಗೋಡಿಗೂ ಮನೆಯ ಮಾತೇ.

ಅದೇ ವರ್ಷ ಏಪ್ರಿಲ್ 2ರಂದು ವಿಶ್ವಸಂಸ್ಥೆಯ ದೂತ ಹಾನ್ಸ್ ಗ್ರುಂಡ್‌ಬರ್ಗ್ ಮಧ್ಯಸ್ಥಿಕೆಯಲ್ಲಿ ಹೂತಿಗಳು ಮತ್ತು ಯೆಮನ್ ಸರ್ಕಾರದ ನಡುವೆ ಎರಡು ತಿಂಗಳ ಕದನ ವಿರಾಮ ಜಾರಿಯಾಯಿತು. ಬರೀ ಗುಂಡು ನಿಲ್ಲಿಸುವ ಕರಾರಲ್ಲ ಅದು. ಹೂತಿಗಳ ಹಿಡಿತದ ಹೊದೈದಾ ಬಂದರಿಗೆ 18 ಇಂಧನ ಹಡಗು, ಅವರದೇ ಹಿಡಿತದ ರಾಜಧಾನಿ ಸನಾದಿಂದ ವಾರಕ್ಕೆ ಎರಡು ವಿಮಾನ, ಹೂತಿಗಳು ಮುತ್ತಿಗೆ ಹಾಕಿದ್ದ ತೈಝ್ ನಗರದ ರಸ್ತೆ ತೆರೆಯಲು ಮಾತುಕತೆ. ಜನರ ಕೈಗೆ ಏನಾದರೂ ಸಿಕ್ಕರೆ ಮಾತ್ರ ವಿರಾಮ ಬಾಳುತ್ತದೆ. ಈ ಲೆಕ್ಕ ಸರಿಯಾಗಿಯೇ ಇತ್ತು.

ಆದರೆ ಏಪ್ರಿಲ್ 24ಕ್ಕೆ ನಿಗದಿಯಾಗಿದ್ದ ಮೊದಲ ವಿಮಾನ ಹಾರಲಿಲ್ಲ. ಹೂತಿ ಆಡಳಿತ ಕೊಟ್ಟ ಪಾಸ್‌ಪೋರ್ಟನ್ನು ಒಪ್ಪಿದರೆ ಆ ಆಡಳಿತವನ್ನೇ ಒಪ್ಪಿದಂತೆ ಎಂಬ ಅಳುಕು ಯೆಮನ್ ಸರ್ಕಾರಕ್ಕೆ. ಚಿಕಿತ್ಸೆಗೆ ಹೊರಟ ರೋಗಿಗಳು ಕಾಯುತ್ತಲೇ ಉಳಿದರು. ಸರ್ಕಾರ ಪಟ್ಟು ಸಡಿಲಿಸಿದ ಮೇಲೆ ಮೇ 16ರಂದು ವಿಮಾನ ಜೋರ್ಡಾನಿನ ಅಮ್ಮಾನ್‌ಗೆ ಹೊರಟಿತು. ಕರಾರಿನಲ್ಲಿ 'ವಿಮಾನ' ಎಂದು ಬರೆದರೆ ಸಾಲದು, ಯಾರ ಮುದ್ರೆ ನಡೆಯುತ್ತದೆ ಎಂಬುದನ್ನೂ ಮೊದಲೇ ಇತ್ಯರ್ಥ ಮಾಡಬೇಕು.

ವಿರಾಮ ಎರಡು ಸಲ ಮುಂದುವರಿದು ಅಕ್ಟೋಬರ್ 2ಕ್ಕೆ ಮುಗಿಯಿತು. ಕಗ್ಗಂಟಾದದ್ದು ಹೂತಿ ಹಿಡಿತದ ಪ್ರದೇಶದ ಸರ್ಕಾರಿ ನೌಕರರ ಸಂಬಳ: ತಮ್ಮ ಸೈನಿಕರಿಗೂ ಕೊಡಬೇಕೆಂದು ಹೂತಿಗಳು ಹಟ ಹಿಡಿದರು. ತೈಝ್ ರಸ್ತೆಯೂ ತೆರೆದಿರಲಿಲ್ಲ. ಆದರೂ ದೊಡ್ಡ ಮಟ್ಟದ ಕಾಳಗ ಕೂಡಲೇ ಮರುಕಳಿಸಲಿಲ್ಲ. ಹಡಗು, ವಿಮಾನಗಳ ಓಡಾಟ ಮುಂದುವರಿಯಿತು.