ಬಜೆಟ್ ಸಭೆಯ ದಿನ

ಅಮೆರಿಕದ ಟೆನೆಸಿ ರಾಜ್ಯದಲ್ಲಿ 95 ಕೌಂಟಿಗಳಿವೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು ಅಂದುಕೊಳ್ಳಿ. ಒಂದೊಂದು ಕೌಂಟಿಯಲ್ಲೂ ಟೆನೆಸಿ ವಿಶ್ವವಿದ್ಯಾಲಯದ ಒಂದು ಎಕ್ಸ್‌ಟೆನ್ಷನ್ ಆಫೀಸ್, ಅಂದರೆ ವಿಸ್ತರಣಾ ಕಚೇರಿ, ಇರುತ್ತದೆ. ಹಳ್ಳಿಗಾಡಿನ ಅಂಥ ಒಂದು ಕೌಂಟಿಯ ಆಫೀಸು ನನ್ನ ಉಸ್ತುವಾರಿಯಲ್ಲಿದೆ. ಬೇಸಾಯ ಮತ್ತು ದನಕರುಗಳ ವಿಷಯ ಹೇಳಿಕೊಡಲು ಒಬ್ಬರು ಏಜೆಂಟ್ (ಇಲ್ಲಿ ವಿಸ್ತರಣಾ ಸಿಬ್ಬಂದಿಗೆ ಹೀಗೆ ಅನ್ನುತ್ತಾರೆ), ಅಡುಗೆ, ಆರೋಗ್ಯ, ಮನೆವಾರ್ತೆ ವಿಷಯ ಹೇಳಿಕೊಡಲು ಇನ್ನೊಬ್ಬರು, ಮಕ್ಕಳು ಕೈಯಾರೆ ಮಾಡಿ ಕಲಿಯುವ ಫೋರ್-ಎಚ್ ಕ್ಲಬ್ಬುಗಳಿಗೆ ಮತ್ತೊಬ್ಬರು. ಮಕ್ಕಳ ಕೆಲಸಕ್ಕೆ ಅರ್ಧ ದಿನದ ಒಬ್ಬ ಸಹಾಯಕಿ. ಮುಂದಿನ ಕೋಣೆಯಲ್ಲಿ ಫೋನು, ಲೆಕ್ಕಪತ್ರ ಎಲ್ಲವನ್ನೂ ನಿಭಾಯಿಸುವ ಸೆಕ್ರೆಟರಿ. ಅಷ್ಟೇ ಜನ.

ಒಮ್ಮೆ ತಿಪಟೂರಿನ ನಮ್ಮ ತೋಟಕ್ಕೆ ಹೋಗಿದ್ದಾಗ ಅಣ್ಣ ಕೇಳಿದ್ದ. "ಅಲ್ಲಮ್ಮ, ನಿಮ್ಮ ಆಫೀಸಲ್ಲಿ ಬೀಜ ಕೊಡಲ್ಲ, ಗೊಬ್ಬರ ಕೊಡಲ್ಲ, ಸಬ್ಸಿಡಿನೂ ಇಲ್ಲ ಅಂತೀಯ. ಮತ್ತೆ ರೈತರು ಯಾಕೆ ಬರ್ತಾರೆ?" ಅವನು ಕೇಳಿದ್ದು ಸರಿ. ಇಲ್ಲಿ ಸಬ್ಸಿಡಿ, ಬೆಳೆ ಪರಿಹಾರಕ್ಕೆಲ್ಲ ಫೆಡರಲ್ (ಕೇಂದ್ರ) ಸರ್ಕಾರದ ಬೇರೆ ಆಫೀಸು ಇದೆ. ನಮ್ಮ ಕೈಯಲ್ಲಿ ಕೊಡುವ ದುಡ್ಡೂ ಇಲ್ಲ, ಹಾಕುವ ದಂಡವೂ ಇಲ್ಲ. ಗೊತ್ತಿರುವುದನ್ನು ಹೇಳಿಕೊಡುವುದು, ಗೊತ್ತಿಲ್ಲದ್ದನ್ನು ವಿಶ್ವವಿದ್ಯಾಲಯದಲ್ಲಿ ಕೇಳಿ ತಿಳಿದು ತರುವುದು. ಅದೇ ಕೆಲಸ.

ಅಣ್ಣ ಕೇಳಿದ್ದನ್ನೇ ಕೌಂಟಿ ಕಮಿಷನರುಗಳೂ, ಅಂದರೆ ಕೌಂಟಿಯ ಚುನಾಯಿತ ಸದಸ್ಯರೂ, ಕೇಳುತ್ತಾರೆ. ನಮ್ಮ ಖರ್ಚಿಗೆ ಫೆಡರಲ್ ಸರ್ಕಾರ, ರಾಜ್ಯ, ಕೌಂಟಿ ಮೂವರೂ ಹಣ ಹಾಕುತ್ತಾರೆ. 1914ರ ಸ್ಮಿತ್-ಲಿವರ್ ಕಾಯ್ದೆ ಈ ಪಾಲುದಾರಿಕೆಯನ್ನು ಕಟ್ಟಿತು. ಕೌಂಟಿಯ ಪಾಲು ಬರುವುದು ಊರಿನವರೇ ಕಟ್ಟುವ ತೆರಿಗೆಯಿಂದ. ಜುಲೈ 1ಕ್ಕೆ ಹೊಸ ಲೆಕ್ಕದ ವರ್ಷ ಶುರು. ಅದಕ್ಕೆ ಮೊದಲು ಬಜೆಟ್ ಸಮಿತಿಯ ಮುಂದೆ ಕೂತು ಲೆಕ್ಕ ಒಪ್ಪಿಸಬೇಕು. ಈ ವರ್ಷದ ಆ ದಿನದ ಬಗ್ಗೆ ಬರೆಯಬೇಕು ಅನ್ನಿಸಿತು.

ಸಭೆ ಇದ್ದದ್ದು ಸಂಜೆ. ಬೆಳಗ್ಗೆ ಆಫೀಸಿಗೆ ಬರುವಷ್ಟರಲ್ಲಿ ಅಜ್ಜಿಯೊಬ್ಬರು ಬಟ್ಟೆಚೀಲದಲ್ಲಿ ಪ್ರೆಷರ್ ಕ್ಯಾನರ್‌ನ ಮುಚ್ಚಳ ಇಟ್ಟುಕೊಂಡು ಕಾಯುತ್ತಿದ್ದರು. ಕ್ಯಾನರ್ ಅಂದರೆ ದೊಡ್ಡ ಕುಕ್ಕರ್. ಇಲ್ಲಿ ಬೇಸಿಗೆಯಲ್ಲಿ ಹಿತ್ತಲ ಬೀನ್ಸ್ ಕಿತ್ತು, ಗಾಜಿನ ಜಾಡಿಗಳಿಗೆ ತುಂಬಿ, ಈ ಕ್ಯಾನರ್‌ನಲ್ಲಿ ಬೇಯಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಾರೆ. ಎಷ್ಟೋ ಮನೆಗಳಲ್ಲಿ ಇವತ್ತಿಗೂ ಸಾಲುಸಾಲು ಜಾಡಿಗಳಿವೆ. ಬೀನ್ಸ್‌ನಲ್ಲಿ ಹುಳಿ ಕಡಿಮೆ. ಬರೀ ಕುದಿಯುವ ನೀರಿನ ಬಿಸಿ ಅದಕ್ಕೆ ಸಾಲದು. ಬಾಟ್ಯುಲಿಸಂ ಅನ್ನುವ ಮಾರಕ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಆ ಬಿಸಿಯನ್ನೂ ತಾಳಿಕೊಳ್ಳುತ್ತವೆ. ಆಮೇಲೆ ಗಾಳಿಯಾಡದ ಜಾಡಿಯೊಳಗೆ ಬೆಳೆದು ವಿಷ ಮಾಡುತ್ತವೆ. ನೋಡಿದರೂ ಮೂಸಿದರೂ ಗೊತ್ತಾಗದೇ ಇರಬಹುದು. ಅವು ಸಾಯಬೇಕಾದರೆ ಸುಮಾರು 116 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅದಕ್ಕೇ ಒತ್ತಡ. ನಮ್ಮಂಥ ತಗ್ಗಿನ ಊರುಗಳಲ್ಲಿ, ಒತ್ತಡ ತೋರಿಸುವ ಮುಳ್ಳಿನ ಗೇಜ್ ಇರುವ ಕ್ಯಾನರ್ ಆದರೆ, 11 ಪೌಂಡ್ ಒತ್ತಡದಲ್ಲಿ ದೊಡ್ಡ ಜಾಡಿಗಳನ್ನು 25 ನಿಮಿಷ ಇಡಬೇಕು. ಆ ಮುಳ್ಳು ಸರಿಯಾಗಿ ತೋರಿಸುತ್ತಿದೆಯಾ ಅಂತ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಅದನ್ನು ನಾವು ಮಾಡಿಕೊಡುತ್ತೇವೆ.

"ಇದು ನಮ್ಮಮ್ಮನ ಕ್ಯಾನರ್. ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ" ಅಂತ ಅಜ್ಜಿ ಮೊದಲೇ ಹೇಳಿಬಿಟ್ಟರು. ನಮ್ಮ ಏಜೆಂಟ್ ವಾದಕ್ಕೆ ಹೋಗಲಿಲ್ಲ. ಮುಚ್ಚಳವನ್ನು ಪರೀಕ್ಷೆಯ ಯಂತ್ರಕ್ಕೆ ಜೋಡಿಸಿ, ಅಜ್ಜಿಯ ಕುರ್ಚಿಯನ್ನು ಹತ್ತಿರಕ್ಕೆ ಎಳೆದರು. ಎರಡು ಗೇಜು ಅಕ್ಕಪಕ್ಕ. ಒಂದು ನಮ್ಮದು, ಇನ್ನೊಂದು ಅವರದು. ನಿಧಾನವಾಗಿ ಗಾಳಿ ತುಂಬಿದರು. ನಮ್ಮ ಮುಳ್ಳು 8ಕ್ಕೆ ಬಂದಾಗ ಅವರದು 11ರ ಮೇಲೆ ನಿಂತಿತ್ತು. ಗಾಳಿ ಬಿಟ್ಟು ಮತ್ತೆ ತುಂಬಿದರು. ಮತ್ತೆ ಅಷ್ಟೇ. ಅಂದರೆ 11 ಬಂತು ಅಂದುಕೊಂಡು ಅವರು ಬೇಯಿಸುತ್ತಿದ್ದದ್ದು ಬರೀ 8 ಪೌಂಡಿನಲ್ಲಿ. ಎರಡು ಪೌಂಡಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಗೇಜು ಬದಲಿಸಬೇಕು ಅನ್ನುವುದು ನಿಯಮ. ಅಜ್ಜಿ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಇನ್ನೊಮ್ಮೆ ನೋಡಿದರು. "ಹೊಸ ಗೇಜು ಎಲ್ಲಿ ಸಿಗುತ್ತದೆ?" ಅಂತ ಕೇಳಿದರು. ಮನೆಯಲ್ಲಿ ಹೋದ ವರ್ಷದ ಜಾಡಿಗಳು ಉಳಿದಿದ್ದರೆ ಅದರಲ್ಲಿರುವುದನ್ನು ರುಚಿ ನೋಡಲೂ ಬೇಡಿ, ತಿಪ್ಪೆಗೂ ಎಸೆಯಬೇಡಿ ಅಂತ ಹೇಳಿ, ಅವನ್ನು ಹೇಗೆ ವಿಲೇವಾರಿ ಮಾಡಬೇಕು ಅನ್ನುವುದನ್ನೂ ಕೂತು ವಿವರಿಸಿದರು.

ಯಾರಿಗೋ ಕಾಯಿಲೆ ಬರಲಿಲ್ಲ. ಇದನ್ನು ಯಾವ ರಿಪೋರ್ಟಿನ ಯಾವ ಕಾಲಮ್ಮಿನಲ್ಲಿ ಬರೆಯುವುದು? ಈ ಕೆಲಸದ ಉಸ್ತುವಾರಿಯಲ್ಲಿ ನನಗೆ ಎಲ್ಲಕ್ಕಿಂತ ಕಷ್ಟ ಅನ್ನಿಸುವುದು ಇದೇ. ರಸ್ತೆ ಹಾಕಿದರೆ ರಸ್ತೆ ಕಾಣುತ್ತದೆ. ನಮ್ಮ ಕೆಲಸ ಚೆನ್ನಾಗಿ ನಡೆದರೆ ಏನೋ ಒಂದು ಕೆಟ್ಟದ್ದು ಆಗದೇ ಹೋಗುತ್ತದೆ, ಅಷ್ಟೇ.

ಹತ್ತು ಗಂಟೆಗೆ ಬೇಸಾಯದ ಏಜೆಂಟ್ ಜೊತೆ ಒಂದು ಫಾರ್ಮಿಗೆ ಹೊರಟೆ. ಸಭೆಯ ದಿನ ನೀವು ಬರಲೇಬೇಕಾ ಅಂತ ಅವರು ಕೇಳಿದರು. ಹೋಗಬೇಕಿತ್ತು. ಹೊಲ ನೋಡದೆ ಸಭೆಗೆ ಹೋದರೆ ನನ್ನ ಮಾತಿನಲ್ಲಿ ಜೀವ ಇರುವುದಿಲ್ಲ.

ವಯಸ್ಸಾದ ರೈತರು, ಕಪ್ಪು ಆಂಗಸ್ ಹಸುಗಳ ಹಿಂಡು. ಕರುಗಳು ತೂಕ ಹಾಕುತ್ತಿಲ್ಲ, ಹಸುಗಳು ಗಬ್ಬ ಕಟ್ಟುತ್ತಿಲ್ಲ ಅನ್ನುವುದು ಅವರ ದೂರು. ಗೇಟು ದಾಟಿದ ಕೂಡಲೇ ಕಂಡಿತು. ಅಷ್ಟು ಹೊತ್ತಿಗಾಗಲೇ ಹಸುಗಳೆಲ್ಲ ಕೆರೆಯೊಳಗೆ ಹೊಟ್ಟೆಯವರೆಗೆ ಇಳಿದು ನಿಂತಿದ್ದವು. ಬಿಸಿಲು ಅಂಥದ್ದೇನೂ ಇರಲಿಲ್ಲ. ದಡದಲ್ಲಿದ್ದ ಒಂದು ಹಸುವಿನ ಬೆನ್ನ ಮೇಲೆ ಚಳಿಗಾಲದ ಕೂದಲು ಇನ್ನೂ ಉದುರಿರಲಿಲ್ಲ. ಬಣ್ಣಗೆಟ್ಟು, ಕೆಂಚಗಾಗಿ, ಜಡೆಗಟ್ಟಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು.

ಕಾರಣ ಕಾಲಡಿಯ ಹುಲ್ಲು. ಈ ಸೀಮೆಯ ಹುಲ್ಲುಗಾವಲುಗಳಲ್ಲಿ ಜಾಸ್ತಿ ಇರುವುದು ಕೆಂಟಕಿ-31 ಅನ್ನುವ ಫೆಸ್ಕ್ಯೂ ತಳಿ. 1931ರಲ್ಲಿ ಕೆಂಟಕಿಯ ಒಂದು ಬೆಟ್ಟದ ಇಳಿಜಾರಿನಲ್ಲಿ ಗುರುತಿಸಿ, 1943ರಲ್ಲಿ ರೈತರಿಗೆ ಬಿಡುಗಡೆ ಮಾಡಿದರು. ಬರ, ಕೀಟ, ದನಗಳ ತುಳಿತ ಎಲ್ಲವನ್ನೂ ತಡೆಯುವ ಹುಲ್ಲು. ಅದಕ್ಕೆ ಆ ಗಟ್ಟಿತನ ಬಂದಿರುವುದು ಅದರೊಳಗೇ ಬದುಕುವ ಒಂದು ಶಿಲೀಂಧ್ರದಿಂದ. ಹುಲ್ಲನ್ನು ಕಾಪಾಡುವ ಅದೇ ಶಿಲೀಂಧ್ರ ಹಸುವಿಗೆ ವಿಷ. ರಕ್ತನಾಳಗಳು ಕುಗ್ಗಿ, ಮೈಯ ಬಿಸಿ ಹೊರಗೆ ಹೋಗುವುದಿಲ್ಲ. ಹಸು ಮೇಯುವುದು ಬಿಟ್ಟು ನೆರಳು, ನೀರು ಹುಡುಕುತ್ತದೆ. ಹಾಲು ಕಡಿಮೆಯಾಗಿ ಕರು ಸೊರಗುತ್ತದೆ.

ಏಜೆಂಟ್ ಒಂದು ತೆನೆ ಕಿತ್ತು ಬೆರಳಲ್ಲಿ ಉಜ್ಜಿ ರೈತರ ಅಂಗೈಗೆ ಹಾಕಿದರು. "ವಿಷ ಜಾಸ್ತಿ ಇರುವುದು ಈ ಬೀಜದ ತೆನೆಯಲ್ಲಿ. ನಿಮ್ಮ ಹಸುಗಳು ಈಗ ತಿನ್ನುತ್ತಿರುವುದು ಇದನ್ನೇ." ಮೊದಲು ತೆನೆ ಕತ್ತರಿಸಿ ತೆಗೆಯಿರಿ ಅಂದರು. ಬೇರೆ ಹುಲ್ಲಿನ ತುಂಡು ಜಮೀನಿದ್ದರೆ ಬೇಸಿಗೆಗೆ ದನಗಳನ್ನು ಅಲ್ಲಿಗೆ ಹೊಡೆಯಿರಿ. ಫೆಬ್ರವರಿಯಲ್ಲಿ ಇದೇ ಹುಲ್ಲಿನ ಮೇಲೆ ಕ್ಲೋವರ್ ಅನ್ನುವ ದ್ವಿದಳ ಮೇವಿನ ಬೀಜ ಚೆಲ್ಲಿ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ನೆಲ ಬಿರುಕು ಬಿಡುತ್ತದೆ, ಬೀಜ ತಾನಾಗಿ ಒಳಗೆ ಇಳಿಯುತ್ತದೆ. ಉಳುಮೆ ಬೇಕಿಲ್ಲ. ಕ್ಲೋವರ್ ಬೆರೆತಷ್ಟೂ ಫೆಸ್ಕ್ಯೂ ಹೊಟ್ಟೆಗೆ ಹೋಗುವುದು ಕಡಿಮೆ. ಕೆಂಪು ಕ್ಲೋವರ್‌ನಲ್ಲಿ ಕುಗ್ಗಿದ ರಕ್ತನಾಳವನ್ನು ಸಡಿಲಿಸುವ ಗುಣವೂ ಇದೆ.

ಆದರೆ ಹುಳಿ ಮಣ್ಣಿನಲ್ಲಿ ಕ್ಲೋವರ್ ಏಳುವುದಿಲ್ಲ. ಹಾಗಾಗಿ ಅಲ್ಲೇ ಮಣ್ಣಿನ ಮಾದರಿ ತೆಗೆಯಲು ನಿಂತೆವು. ಹೊಲದುದ್ದಕ್ಕೂ ಅಡ್ಡಾದಿಡ್ಡಿ ನಡೆದು, ಅಲ್ಲಲ್ಲಿ ಸಲಾಕೆ ಊರಿ, ಬಕೆಟ್ಟಿಗೆ ಹಾಕಿ ಬೆರೆಸಿದೆವು. ರೈತರು ಬಕೆಟ್ಟನ್ನು ನಮ್ಮ ಕೈಯಿಂದ ತೆಗೆದುಕೊಂಡು ತಾವೇ ಹಿಡಿದರು. ಮಾದರಿ ನ್ಯಾಶ್‌ವಿಲ್‌ನ ಲ್ಯಾಬಿಗೆ ಹೋಗುತ್ತದೆ. ಸುಣ್ಣ ಬೇಕು ಅಂತ ಬಂದರೆ ಚಳಿಗಾಲಕ್ಕೆ ಮುಂಚೆಯೇ ಹಾಕಬೇಕು. ಸುಣ್ಣ ಮಣ್ಣಿನಲ್ಲಿ ಕೆಲಸ ಮಾಡಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಹೊರಡುವಾಗ ಅವರು ಇನ್ನೊಂದು ವಿಷಯ ಹೇಳಿದರು. ಸಾಲದ ಮಾತು. ಮಗನಿಗೂ ಪೂರ್ತಿ ಗೊತ್ತಿಲ್ಲವಂತೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅರ್ಜಿ ಒಪ್ಪುವ ಅಥವಾ ತಿರಸ್ಕರಿಸುವ ಅಧಿಕಾರ ನಮ್ಮ ಕೈಯಲ್ಲಿದ್ದಿದ್ದರೆ ಅವರು ಹೀಗೆ ಬಾಯಿ ಬಿಡುತ್ತಿದ್ದರಾ? ನನಗೆ ಅನುಮಾನ. ಏನೂ ಕೊಡದ ಆಫೀಸಿಗೆ ಜನ ಯಾಕೆ ಬರುತ್ತಾರೆ ಅನ್ನುವ ಅಣ್ಣನ ಪ್ರಶ್ನೆಗೆ ಉತ್ತರ ಇದೇ ಇರಬೇಕು.

ದಾರಿಯಲ್ಲಿ ಶಾಲೆಯೊಂದಕ್ಕೆ ಹೋಗಿ ಬಂದೆ. ಫೋರ್-ಎಚ್ ಮಕ್ಕಳು ಸಾಕುತ್ತಿರುವ ಕೋಳಿಮರಿಗಳ ಲೆಕ್ಕದ ಪುಸ್ತಕ ನೋಡಬೇಕಿತ್ತು. ವಸಂತದಲ್ಲಿ ಮರಿ ಕೊಡುತ್ತೇವೆ, ಬೆಳೆದ ಮೇಲೆ ಕೆಲವನ್ನು ಪ್ರದರ್ಶನಕ್ಕೆ ತಂದು ಹರಾಜು ಹಾಕುತ್ತಾರೆ, ಆ ಹಣ ಮುಂದಿನ ವರ್ಷದ ಮರಿಗಳಿಗೆ. ಒಬ್ಬ ಹುಡುಗ ಸತ್ತ ಮರಿಗಳನ್ನೂ ತಾರೀಖು ಹಾಕಿ, ಕಾರಣ ಸಮೇತ ಬರೆದಿದ್ದ. ಈ ಮಕ್ಕಳ ಕ್ಲಬ್ಬುಗಳ ಬೇರು 1902ರ ಒಹಾಯೋದ ಹಳ್ಳಿ ಶಾಲೆಯಲ್ಲಿದೆ. ಹೊಸ ಮುಸುಕಿನ ಜೋಳದ ಬೀಜವನ್ನು ಅಪ್ಪಂದಿರು ನಂಬದ ಕಾಲದಲ್ಲಿ ಮಕ್ಕಳ ಕೈಗೆ ಒಂದು ತುಂಡು ನೆಲ ಕೊಟ್ಟು ಬೆಳೆಸಿದರು. ಫಸಲು ನೋಡಿ ಅಪ್ಪಂದಿರು ಬದಲಾದರು.

ನೋಡಿ ನಂಬುವುದು ನಮಗೂ ಹೊಸದಲ್ಲ. ನಮ್ಮ ತೋಟಕ್ಕೆ ಕಪ್ಪುತಲೆ ಹುಳು ಬಿದ್ದಿದ್ದಾಗ ಒಬ್ಬ ಅಧಿಕಾರಿ ಸಣ್ಣ ಸೀಸೆಗಳಲ್ಲಿ ಆ ಹುಳುವನ್ನು ಕೊಲ್ಲುವ ಗೋನಿಯೋಜಸ್ ಅನ್ನುವ ಪುಟ್ಟ ಪರೋಪಜೀವಿ ಕಣಜಗಳನ್ನು ತಂದು, ತೆಂಗಿನ ಗರಿಯ ಹತ್ತಿರ ಬಿಡುವುದು ಹೇಗೆ ಅಂತ ಅಪ್ಪನ ಕೈಯಲ್ಲೇ ಮಾಡಿಸಿದ್ದರು. ಅಪ್ಪ ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದರು. ನಾನು ಕೃಷಿ ಓದಬೇಕು ಅಂತ ಹಟ ಹಿಡಿದದ್ದು ಆಗಲೇ. ಓದಿದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ. 1960ರ ದಶಕದಲ್ಲಿ ಆ ವಿಶ್ವವಿದ್ಯಾಲಯ ಕಟ್ಟುವಾಗ ಜೊತೆಗೆ ನಿಂತದ್ದು ಇದೇ ಟೆನೆಸಿ ವಿಶ್ವವಿದ್ಯಾಲಯ. ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಮನೆಯಲ್ಲಿರಬೇಕು ಅನ್ನುವ ಯೋಚನೆ ಅಲ್ಲಿಗೂ ಬಂತು. ಆದರೆ ಹೋಬಳಿ ಮಟ್ಟದಲ್ಲಿ ರೈತ ಸಂಪರ್ಕ ಕೇಂದ್ರದ ಹುಡುಗ ಹುಡುಗಿಯರ ಮೇಲೆ ಬೀಜ ವಿತರಣೆ, ಸಬ್ಸಿಡಿ ಅರ್ಜಿ, ಬೆಳೆ ಸಮೀಕ್ಷೆ ಎಲ್ಲ ಬಿದ್ದಿದೆ. ಮುಂಗಾರಿನಲ್ಲಿ ಅವರು ಕೌಂಟರ್ ಬಿಟ್ಟು ಏಳಲಾರರು. ತೋಟಕ್ಕೆ ಹೋಗುವ ಆಸೆ ಅವರಿಗೂ ಇದೆ, ಬಿಡುವು ಇಲ್ಲ. ಕಲಿಸುವ ಕೆಲಸವನ್ನೂ ಹಂಚುವ ಕೆಲಸವನ್ನೂ ಬೇರೆ ಮಾಡಿ, ಕಲಿಸುವುದಕ್ಕೇ ಅಂತ ಹೋಬಳಿಗೊಬ್ಬರನ್ನಾದರೂ ಇಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸಂಜೆ ಕೋರ್ಟ್‌ಹೌಸಿನ ಮೇಲಿನ ಕೋಣೆ. ನಮಗಿಂತ ಮುಂಚೆ ಜೈಲಿನ ಖರ್ಚು, ಆ್ಯಂಬುಲೆನ್ಸ್, ಶಾಲೆಯ ಸೋರುವ ಮಾಳಿಗೆ. ಎಲ್ಲವೂ ಬೇಕಾದದ್ದೇ. ತೆರಿಗೆ ಏರಿಸಲು ಯಾರಿಗೂ ಮನಸ್ಸಿಲ್ಲ. ನಾನು ಎಷ್ಟು ತರಗತಿ, ಎಷ್ಟು ಮಣ್ಣು ಪರೀಕ್ಷೆ, ಎಷ್ಟು ಮಕ್ಕಳು ಅಂತ ಓದಿದೆ. ಒಬ್ಬ ಕಮಿಷನರ್ ಕೇಳಿಸಿಕೊಂಡು, "ಇದೆಲ್ಲ ಈಗ ಫೋನಿನಲ್ಲೇ ಸಿಗುತ್ತದಲ್ಲ?" ಅಂದರು. ದನಿಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು.

ಹೆಸರು ಹೇಳದೆ ಬೆಳಗಿನ ಎರಡು ಗೇಜುಗಳ ವಿಷಯ ಹೇಳಿದೆ. 11 ಪೌಂಡ್ ಬೇಕು ಅಂತ ಫೋನು ಹೇಳುತ್ತದೆ, ಸರಿಯಾಗಿಯೇ ಹೇಳುತ್ತದೆ. ನಿಮ್ಮ ಮನೆಯ ಮುಳ್ಳು ಸುಳ್ಳು ಹೇಳುತ್ತಿದೆ ಅಂತ ಅದಕ್ಕೆ ಗೊತ್ತಿಲ್ಲ. ಅದನ್ನು ಇನ್ನೊಂದು ಗೇಜಿನ ಪಕ್ಕ ಇಟ್ಟು ನೋಡಲು ಒಬ್ಬ ಮನುಷ್ಯ ಬೇಕು, ಒಂದು ಜಾಗ ಬೇಕು. ಕೆರೆಯಲ್ಲಿ ನಿಂತ ಹಸುಗಳ ವಿಷಯವನ್ನೂ ಹೇಳಿದೆ. ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬರು, ಅವರೂ ದನ ಸಾಕುವವರು, "ನಮ್ಮವೂ ಈ ವಾರ ಕೆರೆಯಲ್ಲೇ ಇವೆ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಜೆಟ್ ಬಿಟ್ಟು ಫೆಸ್ಕ್ಯೂ ಮಾತೇ ನಡೆಯಿತು. ತೆನೆ ಕತ್ತರಿಸಿದರೆ ಒಣಹುಲ್ಲು ಕಡಿಮೆಯಾಗುವುದಿಲ್ಲವಾ, ಸುಣ್ಣಕ್ಕೆ ಎಷ್ಟು ಖರ್ಚು, ಕ್ಲೋವರ್ ಎಷ್ಟು ವರ್ಷ ಉಳಿಯುತ್ತದೆ. ಅಧ್ಯಕ್ಷರು ಗಡಿಯಾರ ತೋರಿಸುವವರೆಗೂ ನಡೆಯಿತು.

ಫೋರ್-ಎಚ್ ಸಹಾಯಕಿಯ ಅರ್ಧ ದಿನದ ಹುದ್ದೆ ಉಳಿಯಿತು. ಹಳೇ ಪಿಕಪ್ ಬದಲಿಗೆ ಹೊಸದು ಕೇಳಿದ್ದೆ, ಅದಕ್ಕೆ ಇಲ್ಲ ಅಂದರು. ಪೂರ್ತಿ ಕಮಿಷನ್ನಿನ ಮತ ಇನ್ನೂ ಆಗಬೇಕು. ಮಣ್ಣಿನ ವರದಿ ಬರಲಿ. ಸುಣ್ಣದ ಲೆಕ್ಕ ನೋಡಿಕೊಂಡು, ಆ ರೈತರು ಒಪ್ಪಿದರೆ, ಫೆಬ್ರವರಿಯಲ್ಲಿ ಅವರ ಹೊಲದಲ್ಲೇ ಕ್ಲೋವರ್ ಚೆಲ್ಲುವ ಪ್ರಾತ್ಯಕ್ಷಿಕೆ ಇಟ್ಟುಕೊಳ್ಳುತ್ತೇವೆ. ಫೋನಿನ ಪ್ರಶ್ನೆ ಕೇಳಿದ ಕಮಿಷನರನ್ನೂ ಕರೆದಿದ್ದೇನೆ. ಬರುತ್ತೇನೆ, ಬೂಟು ತರುತ್ತೇನೆ ಅಂದಿದ್ದಾರೆ.