ಕಾಲೇಜಿನ ಜಾಲತಾಣದ ಮೆನು ಯಾರಿಗಾಗಿ?

ಪದವಿ ಕಾಲೇಜೊಂದರ ಜಾಲತಾಣವನ್ನು ಮರುಜೋಡಿಸುವ ಕೆಲಸದಲ್ಲಿ ಈಚೆಗೆ ತೊಡಗಿದ್ದೇನೆ. ಹಳೆಯ ಮೆನು ಸಂಸ್ಥೆಯ ಆಡಳಿತ ಕ್ರಮವನ್ನೇ ಅನುಸರಿಸಿತ್ತು: ಆಡಳಿತ ಮಂಡಳಿ, ಪ್ರಾಂಶುಪಾಲರ ಸಂದೇಶ, ಸಮಿತಿಗಳು, ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶ), ನ್ಯಾಕ್ (ಕಾಲೇಜುಗಳ ಗುಣಮಟ್ಟವನ್ನು ಅಳೆದು ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ). ಆದರೆ ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಮೊಬೈಲಿನಲ್ಲಿ ಈ ತಾಣವನ್ನು ತೆರೆಯುವ ವಿದ್ಯಾರ್ಥಿ ಹುಡುಕುವುದು ಕೋರ್ಸು, ಶುಲ್ಕ, ಹಾಸ್ಟೆಲ್ ಮತ್ತು ಪ್ರವೇಶದ ಕೊನೆಯ ದಿನಾಂಕವನ್ನು. ಪ್ರಾಂಶುಪಾಲರ ಸಂದೇಶವನ್ನು ಪೂರ್ತಿ ಓದಿದವರು ಎಷ್ಟು ಮಂದಿ ಇದ್ದಾರೆಂಬ ಅನುಮಾನ ನನಗಂತೂ ಇದೆ. ಆದ್ದರಿಂದ ಪ್ರವೇಶ, ಕೋರ್ಸುಗಳು, ಪರೀಕ್ಷೆ, ವಿದ್ಯಾರ್ಥಿವೇತನ ಎಂಬ ವಿಭಾಗಗಳನ್ನು ಮೇಲಕ್ಕೆ ತಂದೆವು.

ಹಾಗೆಂದು ನ್ಯಾಕ್ ಕಡತಗಳನ್ನು ಮನಬಂದಂತೆ ಸ್ಥಳಾಂತರಿಸುವಂತಿಲ್ಲ. ಕಾಲೇಜು ನ್ಯಾಕ್‌ಗೆ ಸಲ್ಲಿಸುವ ಸ್ವಯಂ ಅಧ್ಯಯನ ವರದಿಯಲ್ಲಿ ದಾಖಲೆಗಳಿಗೆ ಕಾಲೇಜಿನ ಜಾಲತಾಣದ ಕೊಂಡಿಗಳನ್ನೇ ಕೊಟ್ಟಿರುತ್ತಾರೆ; ಫೋಲ್ಡರಿನ ಹೆಸರು ಬದಲಾದರೂ ಆ ಕೊಂಡಿಗಳು ಮುರಿದು, ಪರಿಶೀಲಿಸುವವರಿಗೆ ‘ಪುಟ ಸಿಗಲಿಲ್ಲ’ ಎನ್ನುವ 404 ದೋಷ ಮಾತ್ರ ಕಾಣಿಸುತ್ತದೆ. ಹೀಗಾಗಿ ಪುಟಗಳನ್ನು ಸರಿಸುವ ಮೊದಲೇ ಹಳೆಯ ಮತ್ತು ಹೊಸ ವಿಳಾಸಗಳ ಪಟ್ಟಿಯನ್ನು ಸಿದ್ಧಪಡಿಸಿ, ಪ್ರತಿಯೊಂದಕ್ಕೂ 301 ಶಾಶ್ವತ ಮರುನಿರ್ದೇಶನ (ಹಳೆಯ ವಿಳಾಸ ತೆರೆದವರನ್ನು ತಾನಾಗಿಯೇ ಹೊಸದಕ್ಕೆ ಒಯ್ಯುವ ಏರ್ಪಾಡು) ನೀಡುವುದು ಅನಿವಾರ್ಯ. ಮಾಹಿತಿ ಹಕ್ಕು ಕಾಯ್ದೆ, 2005ರ 4ನೇ ಸೆಕ್ಷನ್ನಿನಂತೆ ಯಾರೂ ಕೇಳದೆಯೇ ಪ್ರಕಟಿಸಬೇಕಾದ ಮಾಹಿತಿಗೆ, ರ‍್ಯಾಗಿಂಗ್ ತಡೆ ಸಮಿತಿಯ ವಿವರಗಳಿಗೆ ಎಲ್ಲ ಪುಟಗಳ ಅಡಿಭಾಗದಲ್ಲಿ ಸ್ಥಿರ ಜಾಗ ಕೊಟ್ಟಿದ್ದೇವೆ.

ಇನ್ನು ಉಳಿದಿರುವುದು ಸ್ಕ್ಯಾನ್ ಮಾಡಿದ ಸುತ್ತೋಲೆಗಳ ಪಿಡಿಎಫ್ ರಾಶಿ. ಅವು ಬರಿಯ ಚಿತ್ರಗಳಾಗಿರುವುದರಿಂದ ತಾಣದ ಹುಡುಕಾಟಕ್ಕೂ ದೃಷ್ಟಿದೋಷವುಳ್ಳವರಿಗೆ ಪರದೆಯ ಪಠ್ಯವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೂ ಸಿಗುವುದಿಲ್ಲ. ಶುಲ್ಕ ಮತ್ತು ವೇಳಾಪಟ್ಟಿಯ ಸುತ್ತೋಲೆಗಳನ್ನು ಮೊದಲು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ) ಪಠ್ಯವಾಗಿ ಟೈಪಿಸುತ್ತಿದ್ದೇವೆ.